ಅಂಕಿ ಸರಿಯಿದ್ದ ಹಾಡು

ಮಳೆಗಾಲ ಮುಗಿದ ಮೇಲೆ ಕಪಾಟಿನ ಕೆಳಖಾನೆ ತೆಗೆದರೆ ಬರುವ ಬೂಷ್ಟಿನ ವಾಸನೆ ನಿಮಗೂ ಗೊತ್ತಿರುತ್ತದೆ. ಇವತ್ತು ಬೆಳಿಗ್ಗೆ ಅದೇ ಮೂಗಿಗೆ ಬಡಿಯಿತು. ಒಳಗಿದ್ದದ್ದು ಸಿ.ಡಿ.ಗಳು, ಒಂದು ಪೆನ್ ಡ್ರೈವ್, ಒಂದು ಹಾರ್ಡ್ ಡಿಸ್ಕು.

ಇವು ಸುಮಿತ್ರಕ್ಕನ ಪ್ರಯೋಗದ ಸಾಮಾನು. ಸಿದ್ದಾಪುರದಲ್ಲಿ ಗ್ರಂಥಪಾಲಕಿಯಾಗಿದ್ದು, ನಿವೃತ್ತಿಯ ನಂತರ ಇಸಳೂರಿನಲ್ಲಿ ನಮ್ಮ ಪಕ್ಕವೇ ಮನೆ ಕಟ್ಟಿಸಿದವಳು. ಬನವಾಸಿ ಕಡೆಯ ಗಂಗವ್ವನ ನಾಟಿ ಹಾಡುಗಳನ್ನು ಗದ್ದೆಯ ಬದುವಿನಲ್ಲೇ ಕೂತು ರೆಕಾರ್ಡು ಮಾಡಿಕೊಂಡು ಬಂದಿದ್ದಳು. ನಮ್ಮ ಕಾಲದ ನಂತರವೂ ಅವು ಉಳಿಯಬೇಕೆಂಬುದು ಅವಳ ಹಟ. ಈ ಮೂರರಲ್ಲೂ ಒಂದೊಂದು ಪ್ರತಿ ಇಟ್ಟು, ಯಾವುದು ನಮ್ಮ ಥಂಡಿಗೆ ತಾಳುತ್ತದೆಂದು ವರ್ಷಕ್ಕೊಮ್ಮೆ ಪರೀಕ್ಷೆ. ಪ್ರತಿ ಫೈಲಿಗೂ ಕಂಪ್ಯೂಟರು ಒಂದು ಉದ್ದನೆಯ ಅಂಕಿ ಕೊಡುತ್ತದೆ. ಒಳಗೆ ಚೂರು ಕೆಟ್ಟರೂ ಅಂಕಿ ಬದಲು. ಅವಳು ಹಳೆಯ ಪಟ್ಟಿಗೆ ತಾಳೆ ನೋಡಲು ಅದನ್ನು ಓದಿ ಹೇಳುವ ಕೆಲಸ ಚಿತ್ರಕಲೆ ಮೇಷ್ಟ್ರಾಗಿದ್ದ ನನ್ನದು. ಸಾಲು ತಪ್ಪಿ ಓದಿ, ಚೆನ್ನಾಗಿದ್ದ ಹಾಡನ್ನೇ ಎಷ್ಟೋ ಸಲ ಸಾಯಿಸಿದ್ದೇನೆ.

ಸಿ.ಡಿ.ಗಳು ಬೇಗ ಸೋತವು. ಪೆನ್ ಡ್ರೈವೂ ಒಂದು ದಿನ ಸುಮ್ಮನಾಯಿತು. ಹಾರ್ಡ್ ಡಿಸ್ಕು ಉಳಿಯಿತು. ಗೆದ್ದೆವು ಅಂದುಕೊಂಡೆವು.

ಗಂಗವ್ವ ತೀರಿಕೊಂಡ ಮೇಲೆ ಮಗಳು ನೀಲವ್ವ ಬಸ್ಸು ಹತ್ತಿ ಬಂದಳು. ರೆಕಾರ್ಡು ಮಾಡಿದ ದಿನ ಹಾಡುತ್ತಿದ್ದ ತಾಯಿ ನಡುವೆ ಅವಳನ್ನು ಹೆಸರು ಹಿಡಿದು ಕೂಗಿದ್ದಳಂತೆ.

"ಅವ್ವ ನನ್ನ ಕರದದ್ದು ಅದರಾಗ ಐತೇನ್ರಿ?"

ಇದೆ ತಂಗಿ, ಕೂತ್ಕೋ ಎಂದಳು ಸುಮಿತ್ರಕ್ಕ.

ಅಂಕಿ ಸರಿಯಾಗಿಯೇ ಇತ್ತು. ಹಾಡು ಮಾತ್ರ ತೆರೆಯಲಿಲ್ಲ. ಅಂದು ಬಳಸಿದ ರೆಕಾರ್ಡರು ತನ್ನದೇ ಒಂದು ನಮೂನೆಯಲ್ಲಿ ಧ್ವನಿ ಬರೆದಿಟ್ಟಿತ್ತು. ಅದನ್ನು ಓದುತ್ತಿದ್ದ ತಂತ್ರಾಂಶ ಹಳೆ ಕಂಪ್ಯೂಟರಿನೊಂದಿಗೇ ಹೋಗಿತ್ತು. ಅದನ್ನು ತಯಾರಿಸಿದ ಕಂಪನಿಯೂ ಮುಚ್ಚಿತ್ತು. ಬೇರೆ ಬೇರೆ ತಂತ್ರಾಂಶ ಹಾಕಿ ಸಂಜೆಯವರೆಗೆ ಹೆಣಗಿದೆವು. ಬಂದದ್ದು ಬರೀ ಗರಗರ. ಅದನ್ನೇ ಕೇಳಿಸಿ ಎಂದಳು ನೀಲವ್ವ. ಇಯರ್‌ಫೋನ್ ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ಕೊನೆಯವರೆಗೂ ಕೂತಳು.

"ಕೂಗಿದ್ದು ಗೊತ್ತಾಗ್ಲಿಲ್ರಿ" ಎಂದಳು ಆಮೇಲೆ. ಚಹಾ ಕುಡಿಯದೆ ಎದ್ದಳು.

ತಿಳಿದವರನ್ನೆಲ್ಲ ಕೇಳಿ ನೋಡಿದೆವು. ಯಾರಿಂದಲೂ ಆಗಲಿಲ್ಲ. ಸುಮಿತ್ರಕ್ಕ ಸಾಮಾನೆಲ್ಲ ತಂದು ನನ್ನ ಕಪಾಟಿಗೆ ಹಾಕಿ ಕೈತೊಳೆದುಕೊಂಡಳು. ಇವತ್ತು ಬೇಲಿಯ ಬಳಿ ನಿಂತು ಅವಳನ್ನು ಕರೆದೆ, ಪರೀಕ್ಷೆಯ ದಿನ ಬಂತಲ್ಲ ಎಂದು.

"ಅಂಕಿ ಸರಿ ಇರ್ತು. ಹಾಡು ಇಲ್ಲೆ. ಆನು ಬತ್ನಿಲ್ಲೆ" ಎಂದಳು, ಬರಲೊಪ್ಪದೆ.

ಒಬ್ಬನೇ ಕೂತು ಪರೀಕ್ಷಿಸಿದೆ. ಒಂದಂಕಿಯೂ ಬದಲಾಗಿಲ್ಲ. ಮೊದಲೆಲ್ಲ ಇದಕ್ಕೆ ನನಗೆ ಸಂತೋಷವಾಗುತ್ತಿತ್ತು.