ಉಗ್ರಾಣದ ಸಾಹೇಬ

ಆ ಸೋಮವಾರ ಬೆಳಿಗ್ಗೆ ಹತ್ತಕ್ಕೆ ನನ್ನ ಪಿಎಚ್.ಡಿ.ಯ ಮೌಖಿಕ ಪರೀಕ್ಷೆ. ಹಿಂದಿನ ವರ್ಷ ಒಮ್ಮೆ ಫೇಲಾಗಿದ್ದೆ. ಈ ಸಲವೂ ಆದರೆ ಸ್ಕಾಲರ್‌ಶಿಪ್ಪೂ ಇಲ್ಲ, ವೀಸಾವೂ ಇಲ್ಲ, ಗಂಟುಮೂಟೆ ಕಟ್ಟಿಕೊಂಡು ಮೈಸೂರಿಗೆ ವಾಪಸ್ಸು. ವಿಷಯವನ್ನು ಯಾರೂ ಹೇರಿದ್ದಲ್ಲ, ನಾನೇ ಆರಿಸಿಕೊಂಡದ್ದು: ಸಾಮ್ರಾಜ್ಯದ ಕಾಲದ ಇಂಗ್ಲಿಷ್ ಸಾಹಸ ಕಾದಂಬರಿಗಳಲ್ಲಿ ಗಂಡಸುತನ. ಎಂಬತ್ತರ ದಶಕದಲ್ಲಿ ಅದು ಹೊಸ ಫ್ಯಾಷನ್ನು. ಆ ಕಾದಂಬರಿಗಳ ಸಾಹೇಬ ಕಾಡಿಗೆ ನುಗ್ಗುತ್ತಾನೆ, ನಿಧಿ ಹುಡುಕುತ್ತಾನೆ, ಸಿಂಹ ಹೊಡೆಯುತ್ತಾನೆ. ಅಳುವುದಿಲ್ಲ, ಹೆದರುವುದಂತೂ ಇಲ್ಲವೇ ಇಲ್ಲ. ಯಾಕೆ ಹೆದರುವುದಿಲ್ಲ ಎಂದು ಹೋದ ಸಲ ಬಿಳಿಕೂದಲಿನ ಪ್ರೊಫೆಸರಮ್ಮ ಕೇಳಿದಾಗ ಯಾರ್ಯಾರದೋ ಸಿದ್ಧಾಂತ ಗಿಳಿಪಾಠ ಒಪ್ಪಿಸಿದ್ದೆ. "ಇದೆಲ್ಲ ಓದಿದ್ದಾಯಿತು, ನಿನಗೇನು ಅನ್ನಿಸುತ್ತದೆ?" ಎಂದರು. ನನಗೆ ಏನೂ ಅನ್ನಿಸಿರಲಿಲ್ಲ.

ಭಾನುವಾರ ಮಧ್ಯಾಹ್ನ ಹತ್ತಿರದ ಸನ್ನಿವೇಲಿನಲ್ಲಿ ಕೆಲಸಕ್ಕಿದ್ದ ಅಣ್ಣ ಸ್ಯಾನ್ ಫ್ರಾನ್ಸಿಸ್ಕೋದ ನನ್ನ ರೂಮಿಗೆ ಬಂದ, ತಾನೇ ಮಾಡಿದ, ತಳ ಹಿಡಿದ ಬಿಸಿಬೇಳೆಬಾತಿನ ಡಬ್ಬಿ ಹಿಡಿದುಕೊಂಡು. ಓದೀ ಓದೀ ನನ್ನ ತಲೆ ಮೊಸರುಗಡಿಗೆಯಾಗಿತ್ತು. ಎದುರಿಗೆ ಸಿಕ್ಕವನ ಮೇಲೆ ಹರಿಹಾಯ್ದೆ.

"ಎಲ್ಲಾ ನಿನ್ನಿಂದಾನೇ! ಆ ದರಿದ್ರ ಪುಸ್ತಕಗಳ ಹುಚ್ಚು ಹಿಡಿಸಿದ್ದು ನೀನು. ಯಾವಾಗ್ಲೂ ನೀನೇ ಸಾಹೇಬ, ನಾನೇ ಕೂಲಿ!"

ಸುಳ್ಳೇನಲ್ಲ. ಚಿಕ್ಕಂದಿನಲ್ಲಿ ನಮ್ಮ ಮನೆಯ ಉಗ್ರಾಣವೇ ಆಫ್ರಿಕಾ. ಅಪ್ಪನ ಹ್ಯಾಟು ಹಾಕಿಕೊಂಡು, ಕೊಡೆಯನ್ನೇ ಬಂದೂಕು ಮಾಡಿಕೊಂಡು ಅಣ್ಣ ಬಾಗಿಲಲ್ಲಿ ನಿಂತು ಹುಕುಂ ಕೊಡುತ್ತಿದ್ದ. ದಿಂಬಿನ ಗಂಟು ತಲೆಮೇಲೆ ಹೊತ್ತು ಆ ಕತ್ತಲೆಯೊಳಕ್ಕೆ ಮೊದಲು ನಾನು ಹೋಗಬೇಕು. ಜಿರಳೆ, ಜೇಡ, ಒಂದು ಸಲ ಚೇಳು. ನಾನು "ಏನೂ ಇಲ್ಲ ದೊರೆ" ಎಂದು ಕೂಗಿದ ಮೇಲೆಯೇ ಸಾಹೇಬರ ಸವಾರಿ ಒಳಗೆ. ನಿಧಿ, ಅಂದರೆ ಬೆಲ್ಲ, ಪೂರ್ತಿ ಅವರದೇ. ಆ ಕಥೆಗಳಲ್ಲಿ ಬಿಳಿಯರಲ್ಲದ ನಮ್ಮಿಬ್ಬರಿಗೂ ಸಿಗುತ್ತಿದ್ದದ್ದು ಮೂಟೆ ಹೊರುವ ಪಾತ್ರವೇ ಎಂದು ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಅಣ್ಣ ಜಗಳಕ್ಕೆ ಬರುತ್ತಾನೆ ಅಂದುಕೊಂಡೆ. ಅವನು ಡಬ್ಬಿಯ ಮುಚ್ಚಳ ತಿರುಗಿಸುತ್ತಾ ಕೂತ.

"ನಂಗೆ ಭಯ ಇತ್ತು ಕಣೇ," ಎಂದ.

"ಎಂಥ ಭಯ?"

"ಆ ಉಗ್ರಾಣದ್ದು. ಕತ್ಲೆ ಅಂದ್ರೆ ಕೈಕಾಲು ನಡುಗ್ತಿತ್ತು. ಹೇಳಿದ್ರೆ ನಗ್ತೀಯ ಅಂತ ನಿನ್ನನ್ನೇ ಮುಂದೆ ಕಳಿಸ್ತಿದ್ದೆ."

ಎಲಾ ಕಳ್ಳ! ಇಷ್ಟು ವರ್ಷ ಇವನನ್ನು ಮಹಾ ಧೈರ್ಯಸ್ಥ ಅಂದುಕೊಂಡಿದ್ದೆನಲ್ಲ! ಸಿಟ್ಟು ಬರಬೇಕಿತ್ತು, ತಡೆಯಲಾರದಷ್ಟು ನಗು ಬಂತು. ಅವನೂ ನಕ್ಕ. ಸೀದ ಬಿಸಿಬೇಳೆಬಾತನ್ನು ಇಬ್ಬರೂ ಡಬ್ಬಿಯಿಂದಲೇ ತಿಂದು ಮುಗಿಸಿದೆವು.

ಮರುದಿನ ಅದೇ ಪ್ರೊಫೆಸರಮ್ಮ, ಅದೇ ಪ್ರಶ್ನೆ: ಸಾಹೇಬ ಯಾಕೆ ಹೆದರುವುದಿಲ್ಲ? ಬರೆದುಕೊಂಡು ಹೋಗಿದ್ದ ಹಾಳೆಗಳನ್ನು ಮಡಚಿಟ್ಟೆ.

"ಹೆದರುತ್ತಾನೆ," ಎಂದೆ. "ಅದಕ್ಕೇ ಆಳನ್ನು ಮುಂದೆ ಕಳಿಸುತ್ತಾನೆ. ಮೂಟೆಯ ಜೊತೆ ಸಾಹೇಬನ ಭಯವನ್ನೂ ಆಳೇ ಹೊರಬೇಕು. ಆಳು ಸತ್ತರೆ ಪುಸ್ತಕದಲ್ಲಿ ಒಂದೇ ಸಾಲು."

ಆಮೇಲೆ ಉಗ್ರಾಣದ ಕಥೆ ಹೇಳಿದೆ. ಪ್ರೊಫೆಸರಮ್ಮ ಪೆನ್ನು ಕೆಳಗಿಟ್ಟು ಕೇಳಿದರು, ನಡುವೆ ಜೋರಾಗಿ ನಕ್ಕರು ಕೂಡ. ಒಂದಷ್ಟು ಹೊತ್ತು ಪಕ್ಕದ ಕೋಣೆಯಲ್ಲಿ ಕೂರಿಸಿ, ಮತ್ತೆ ಕರೆದು ಕೈಕುಲುಕಿದರು. ಹೋದ ಜೀವ ಬಂದಂತಾಯಿತು.

ಆಫೀಸಿಗೆ ರಜೆ ಹಾಕಿ ಅಣ್ಣ ಕಾರಿಡಾರಿನಲ್ಲಿ ಕಾಯುತ್ತಿದ್ದ.

"ಪಾಸು ಕಣೋ," ಎಂದೆ.

ಅವನು ಗೋಡೆಗೆ ಒರಗಿದವನು ಹಾಗೇ ನೆಲಕ್ಕೆ ಕುಸಿದು ಕೂತು ಗೊಳೋ ಎಂದು ಅತ್ತುಬಿಟ್ಟ. ಟೈ ಕಟ್ಟಿಕೊಂಡ ಗಂಡಸು! ಹೋಗಿ ಬರುವವರೆಲ್ಲ ತಿರುಗಿ ತಿರುಗಿ ನೋಡುತ್ತಿದ್ದಾರೆ.

"ನೀನು ಹೊರಟುಹೋದ್ರೆ ಇಲ್ಲಿ ಒಬ್ಬನೇ ಆಗ್ಬಿಡ್ತೀನಿ ಅಂತ ಹೆದರಿಬಿಟ್ಟಿದ್ದೆ ಕಣೇ..."

ಸುಮ್ನಿರೋ, ಜನ ನೋಡ್ತಿದ್ದಾರೆ ಎನ್ನಲು ಬಾಯಿ ತೆರೆದೆ. ಹೇಳಲಿಲ್ಲ. ಅವನ ಪಕ್ಕದಲ್ಲಿ ನೆಲದ ಮೇಲೆ ಕೂತು ನಾನೂ ಮನಸಾರೆ ಅತ್ತೆ.