ಸಾಯಿಸದೆ ಕೇಳಿದ ಪ್ರಶ್ನೆ

...ಇಲ್ಲ, ಪ್ರೋಗ್ರಾಮಿನ ಆ ಸಾಲನ್ನು ಅಳಿಸಿದ್ದು ನನ್ನ ಜೊತೆ ಕೆಲಸ ಮಾಡುತ್ತಿದ್ದ ಪಂಪಣ್ಣನವರೇ ಇರಬಹುದು. ಅಳಿಸಿದವನು ನಾನು ಎಂದೇ ಇಷ್ಟು ದಿನ ಅಂದುಕೊಂಡಿದ್ದೆ. ಬೆರಳು ಕೀಲಿ ಒತ್ತಿದ್ದು, ಪರದೆಯಿಂದ ಸಾಲು ಮಾಯವಾದದ್ದು, ಕಿಟಕಿಯಾಚೆ ಅದಿರಿನ ಲಾರಿ ಹಾರ್ನ್ ಹೊಡೆದದ್ದು, ಎಲ್ಲ ನೆನಪಿದೆ. ಆದರೆ ಹೊಸಪೇಟೆಯಲ್ಲಿ ಲಾರಿ ಹಾರ್ನ್ ಹೊಡೆಯದ ಗಳಿಗೆ ಯಾವುದು? ಆ ಲಾರಿಯನ್ನು ಆಮೇಲೆ ನಾನೇ ತಂದು ನಿಲ್ಲಿಸಿರಬಹುದು.

ಇವತ್ತು ಬೆಳಿಗ್ಗೆ ಹಳೆಯ ಪ್ರೋಗ್ರಾಮೊಂದನ್ನು ತಿದ್ದಲು ತೆರೆದೆ. ಪ್ರತಿ ಸಾಲಿನ ಪಕ್ಕ ಬರೆದವರ ಹೆಸರು ಕಾಣುತ್ತದೆ. ಅಷ್ಟೂ ಸಾಲಿಗೆ ಒಂದೇ ಹೆಸರು, ಪಂಪಣ್ಣ. ಅದರಲ್ಲಿ ಅರ್ಧ ಬರೆದವನು ನಾನು.

ನಮ್ಮ ಕೆಲಸ ಏನೆಂದು ಅವ್ವನಿಗೆ ತಿಳಿಸಲು ಇವತ್ತಿಗೂ ಆಗಿಲ್ಲ. ನಿಮ್ಮ ಹತ್ತಿರ ಪ್ರಯತ್ನಿಸುತ್ತೇನೆ. ಹತ್ತಾರು ಯಂತ್ರಗಳು ಸೇರಿ ಒಂದೇ ದೊಡ್ಡ ಕಪಾಟಿನಂತೆ ಫೈಲುಗಳನ್ನು ಇಟ್ಟುಕೊಂಡಿರುತ್ತವೆ. ಯಾವ ಫೈಲಿನ ಹೆಸರೇನು, ಅದು ಎಲ್ಲಿದೆ ಎಂಬ ವಿವರವೇ ಮೆಟಾಡೇಟಾ. ಅದನ್ನು ನೋಡಿಕೊಳ್ಳಲು ಬೇರೆಯೇ ಒಂದು ಸರ್ವರ್. ಏನೇ ಬದಲಾದರೂ ಅದು ಮೊದಲು ತನ್ನ ನೆನಪಿನಲ್ಲಿರುವ ಜರ್ನಲ್ ಎಂಬ ದಿನಚರಿಯಲ್ಲಿ ಗುರುತು ಹಾಕಿಕೊಂಡು, ಆಮೇಲೆ ಡಿಸ್ಕಿಗೆ ಬರೆಯುತ್ತದೆ. ಇದಕ್ಕೆ ಫ್ಲಶ್ ಎನ್ನುತ್ತಾರೆ. ಪಂಪಣ್ಣ ಮಾತ್ರ ‘ಇಳಸೋದು’ ಎನ್ನುತ್ತಿದ್ದರು. ಸರಿಯಾಗಿ ಇಳಿದಿದೆಯೇ ಎಂದು ತಾನಾಗಿಯೇ ನೋಡುವ ಪರೀಕ್ಷೆ ಬರೆಯುವುದು ನಮ್ಮಿಬ್ಬರ ಕೆಲಸ: ಒಂದಿಷ್ಟು ಫೈಲು ಮಾಡು, ಇಳಿಸು ಎನ್ನು, ನೆನಪೆಲ್ಲ ಹೋಗುವಂತೆ ಸರ್ವರನ್ನು ತಟ್ಟನೆ ನಿಲ್ಲಿಸಿ ಸಾಯಿಸು, ಮತ್ತೆ ಎಬ್ಬಿಸು, ಹೆಸರುಗಳಿವೆಯೇ ಎಂದು ಕೇಳು.

“ಸಾಯಿಸದ ಕೇಳಿದ್ರ ಎಲ್ಲಾರೂ ನೆನಪೈತಿ ಅಂತಾರ, ತಮ್ಮಾ,” ಅಂದಿದ್ದರು ಪಂಪಣ್ಣ.

ಅವರು ಕಂಪ್ಲಿಯ ಮನೆಯಲ್ಲಿ, ನಾನು ಹೊಸಪೇಟೆಯ ಬಾಡಿಗೆ ಕೋಣೆಯಲ್ಲಿ. ಮುಖಾಮುಖಿ ಕಂಡದ್ದು ನಾಲ್ಕೈದು ಸಲ ಇದ್ದೀತು. ನನಗೆ ಲಾಗಿನ್ ಬರುವುದು ತಡವಾಯಿತೆಂದು ಪಂಪಣ್ಣ ತಮ್ಮದನ್ನೇ ಕೊಟ್ಟರು. ನನ್ನದು ಬಂದ ಮೇಲೂ ಅದೇ ರೂಢಿಯಾಯಿತು. ಕಂಪ್ಲಿಯಲ್ಲಿ ಕರೆಂಟು ಹೋದರೆ ಫೋನು: “ಹೋತಪ್ಪಾ. ನೀ ಹಿಡಿ.” ಅವರು ಅರ್ಧಕ್ಕೆ ಬಿಟ್ಟ ಸಾಲನ್ನು ನಾನು ಮುಂದುವರಿಸುತ್ತಿದ್ದೆ. ಎಷ್ಟೋ ದಿನ ನಾನು ಮನುಷ್ಯರ ಜೊತೆ ಆಡಿದ ಮಾತು ಅಷ್ಟೇ. ಕರೆಂಟು ಹೋಗಲಿ ಎಂದು ಬಯಸಿದ್ದೂ ಉಂಟು, ನಗಬೇಡಿ.

ಅಳಿದದ್ದು ಸಾಯಿಸುವ ಸಾಲು. ಸತ್ತ ಸರ್ವರ್ ಏಳಲು ಬಹಳ ಹೊತ್ತು ಹಿಡಿಯುತ್ತಿತ್ತು. ಬೇಗ ಮುಗಿಯಲಿ ಎಂದು ಯಾರೋ ತೆಗೆದರು. ಆಮೇಲೆ ತಿಂಗಳುಗಟ್ಟಲೆ ಪರೀಕ್ಷೆ ಹಸಿರು, ಅಂದರೆ ಪಾಸು. ಬದುಕಿದ್ದ ಸರ್ವರು ನೆನಪಿನಿಂದಲೇ ‘ಎಲ್ಲ ಇದೆ’ ಎನ್ನುತ್ತಿತ್ತು, ನಾವು ನಂಬುತ್ತಿದ್ದೆವು. ಒಂದು ದಿನ ಗಿರಾಕಿಯೊಬ್ಬರ ಕಡೆ ಸರ್ವರು ನಿಜವಾಗಿಯೇ ಸತ್ತಿತು. ಎದ್ದಾಗ ಫೈಲುಗಳಿದ್ದವು, ಹೆಸರುಗಳಿರಲಿಲ್ಲ.

ಪರದೆಯ ಮೇಲೆ ಮೀಟಿಂಗು. ಆ ಸಾಲು ತೆಗೆದವರು ಯಾರು ಎಂದು ಮೇಲಿನವರು ಕೇಳಿದರು.

“ನಂದ ರೀ ಅದು,” ಅಂದರು ಪಂಪಣ್ಣ.

ನನ್ನ ಮೈಕು ಮುಚ್ಚಿತ್ತು. ತೆರೆಯಲು ಒಂದು ಬೆರಳು ಸಾಕಿತ್ತು. ಇದೊಂದು ಮಾತ್ರ ಖಾತ್ರಿಯಾಗಿ ಬಲ್ಲೆ. ಆ ತಿಂಗಳ ಕೊನೆಗೆ ಅವರನ್ನು ಕೆಲಸದಿಂದ ತೆಗೆದರು. ನಾನು ಫೋನು ಮಾಡಲಿಲ್ಲ, ಅವರೂ ಮಾಡಲಿಲ್ಲ.

ಈಗ ನನ್ನನ್ನು ಕೊರೆಯುವುದು ಅವರ ಆ ಮಾತು. ‘ಸಾಯಿಸದ ಕೇಳಿದ್ರ’ ಎಂದದ್ದು ಸಾಲು ಅಳಿಯುವ ಮೊದಲೋ, ಆಮೇಲೋ? ಮೊದಲಾದರೆ, ಅಷ್ಟು ತಿಳಿದವರು ಅದನ್ನು ತೆಗೆಯುವವರಲ್ಲ, ತೆಗೆದವನು ನಾನೇ. ಆಮೇಲಾದರೆ, ಅದು ಪೆಟ್ಟು ತಿಂದು ಕಲಿತವರ ಮಾತು, ತೆಗೆದವರು ಅವರೇ. ನೆನಪಿನಲ್ಲಿ ಅದು ಎರಡೂ ಕಡೆ ಸರಿಯಾಗಿ ಕೂರುತ್ತದೆ.

ತೆರೆದ ಪ್ರೋಗ್ರಾಮನ್ನು ಹಾಗೆಯೇ ಬಿಟ್ಟು ಬಸ್ಸು ಹತ್ತಿ ಕಂಪ್ಲಿಗೆ ಹೋದೆ. ಪಂಪಣ್ಣ ಭಾವಮೈದುನನ ರೈಸ್‌ಮಿಲ್ಲಿನಲ್ಲಿದ್ದರು, ಹುಬ್ಬಿನ ಮೇಲೆಲ್ಲ ತೌಡಿನ ಧೂಳು.

“ಬಾರಲೇ, ಹೊಸಪೇಟಿ ಸಾಹೇಬ! ದಾರಿ ತಪ್ಪಿ ಬಂದಿಯೇನ?”

ಹೇಗೆ ಶುರುಮಾಡಬೇಕೆಂದು ಬಸ್ಸಿನುದ್ದಕ್ಕೂ ಜೋಡಿಸಿಕೊಂಡಿದ್ದೆ. ಎಲ್ಲ ಮರೆತು ಹೋಯಿತು.

“ಅಣ್ಣಾ, ಆ ಸಾಲು ನಾನ ತೆಗದಿದ್ದೆ ಅನಸ್ತೈತ್ರಿ.”

“ಅನಸ್ತೈತಿ ಅಂದ್ರ? ತೆಗದಿಯೋ, ಇಲ್ಲೋ?”

“ಗೊತ್ತಿಲ್ರಿ. ನೀವ್ಯಾಕ ನಂದು ಅಂದ್ರಿ?”

“ಹೆಸರು ನಂದ ಇತ್ತಲ್ಲೋ. ಯಾರರೆ ಒಬ್ರು ಅನ್ನದ ಆ ಮೀಟಿಂಗ್ ಮುಗೀತಿತ್ತೇನ?” ಅವರು ನಕ್ಕರು. ನಾನೂ ನಕ್ಕೆ, ತುಸು ಹೆಚ್ಚೇ.

“ಸಾಯಿಸದ ಕೇಳಿದ್ರ ಎಲ್ಲಾರೂ ನೆನಪೈತಿ ಅಂತಾರ ಅಂತ ಅಂದಿದ್ರಲ್ಲ, ಅದು ಮೊದಲೋ, ಆಮ್ಯಾಲೋ?”

ಅವರು ಕೈಯ ತೌಡು ಕೊಡವಿಕೊಂಡರು. “ನಾ ಅಂದಿದ್ನಾ? ಭಾಳ ಚಲೋ ಐತಿ ಮಾತು.”

ಯಂತ್ರ ನಿಂತಿತು. ಆಳುಗಳು ಬುತ್ತಿ ಬಿಚ್ಚತೊಡಗಿದರು. ನಾನು ಬಸ್ಸಿಗೆ ಹೊರಟೆ.

ಕೋಣೆಗೆ ಮರಳಿ, ಪ್ರೋಗ್ರಾಮಿನ ತಲೆಯ ಮೇಲೆ ನನ್ನ ಹೆಸರಿನ ಲಾಗಿನ್‌ನಿಂದ ಬರೆದೆ: ‘ಇದನ್ನು ಬರೆದವರು ಇಬ್ಬರು. ಸಾಲು ತೆಗೆದವರು ಅವರಲ್ಲಿ ಒಬ್ಬರು, ಯಾರೆಂದು ತಿಳಿಯದು.’ ಮೇಲಿನವರಿಗೂ ಅದನ್ನೇ ಕಳಿಸಿದೆ. ಉತ್ತರ ಬಂದಿಲ್ಲ.

ಮಿಲ್ಲಿನಿಂದ ಹೊರಡುವಾಗ ಊಟದ ಹೊತ್ತಾಗಿತ್ತು. ಊಟಕ್ಕೆ ನಿಲ್ಲು ಎಂದು ಪಂಪಣ್ಣ ಹೇಳಲಿಲ್ಲ. ಮರೆತರೋ, ಬೇಡವೆನಿಸಿತೋ, ನನಗೆ ಗೊತ್ತಿಲ್ಲ.