ಎಂಟು ವರ್ಷದ ಸಹಿ

ನನ್ನ ಗಂಡನನ್ನು ಫುಟ್‌ಬಾಲ್ ಮೈದಾನದಲ್ಲಿ ‘ಗೋಡೆ’ ಎಂದು ಕರೆಯುತ್ತಿದ್ದರು. ಎದುರು ತಂಡದವರು ಎಷ್ಟೇ ಜೋರಾಗಿ ನುಗ್ಗಿ ಬಂದರೂ ಇವರು ನಿಂತ ಜಾಗ ಬಿಟ್ಟು ಕದಲುತ್ತಿರಲಿಲ್ಲ. ಆ ಗೋಡೆ ಬೆಳಗಿನ ಹೊತ್ತು ಬಚ್ಚಲುಮನೆಯಲ್ಲಿ ಹಲ್ಲುಜ್ಜುತ್ತ ಗಡಗಡ ನಡುಗುವುದನ್ನು ನೋಡಿದವಳು ನಾನೊಬ್ಬಳೇ. ನಡುಕಕ್ಕೆ ಕಾರಣ ಒಂದು ಸಹಿ. ಅದನ್ನು ಹಾಕಿಸಿದವಳೂ ನಾನೇ.

ನಮ್ಮಪ್ಪನೂ ಆಟಗಾರ, ಗೋಲ್‌ಕೀಪರ್. ಒಂದೊಂದು ವರ್ಷದ ಕರಾರಿನ ಮೇಲೆ ಒಂದೊಂದು ಊರಿನ ಕ್ಲಬ್ಬಿಗೆ ಆಡಿದರು. ವರ್ಷ ಮುಗಿಯುತ್ತ ಬಂದಾಗ ಕ್ಲಬ್ಬಿನವರು, "ಮುಂದಿನ ವರ್ಷದ್ದು ನೋಡೋಣ" ಎನ್ನುತ್ತಿದ್ದರು. ಆ ಮಾತು ಕಿವಿಗೆ ಬಿದ್ದ ಸಂಜೆಯೇ ಅಮ್ಮ ಮಂಚದ ಕೆಳಗಿನಿಂದ ರಟ್ಟಿನ ಪೆಟ್ಟಿಗೆಗಳನ್ನು ಎಳೆಯುತ್ತಿದ್ದಳು. ನಾನು ಓದಿದ್ದು ಒಂಬತ್ತು ಶಾಲೆಗಳಲ್ಲಿ. ಒಂದು ಕಡೆ ಆರರ ಮಗ್ಗಿಗೆ ಶಾಲೆ ಬಿಟ್ಟೆ, ಇನ್ನೊಂದು ಕಡೆ ಸೇರುವಾಗ ಅವರು ಒಂಬತ್ತರಲ್ಲಿದ್ದರು. ಏಳೆಂಟ್ಲ ಎಷ್ಟು ಎಂದರೆ ಇವತ್ತಿಗೂ ತಬ್ಬಿಬ್ಬಾಗುತ್ತೇನೆ.

ಹಾಗಾಗಿ ಒಂದು ದೊಡ್ಡ ಕ್ಲಬ್ಬು ಇವರನ್ನು ಕರೆದಾಗ, ಇವರ ಏಜೆಂಟ್ ನಮ್ಮ ಊಟದ ಮೇಜಿನ ಮೇಲೆ ಎರಡು ಕಾಗದ ಇಟ್ಟಾಗ, ನನ್ನ ಕಣ್ಣು ಹೋಗಿದ್ದು ಒಂದರ ಮೇಲೆಯೇ. ಒಂದು ಮೂರು ವರ್ಷದ್ದು, ಇನ್ನೊಂದು ಎಂಟು ವರ್ಷದ್ದು.

"ಅಕ್ಕಾ, ಮೂರು ವರ್ಷದ್ದಕ್ಕೆ ಸಹಿ ಹಾಕ್ಸಿ," ಎಂದ ಏಜೆಂಟ್. "ಚೆನ್ನಾಗಿ ಆಡಿದ್ರೆ ಆಮೇಲೆ ನಾವು ಹೇಳಿದ್ದೇ ರೇಟು. ಎಂಟು ವರ್ಷ ಅಂದ್ರೆ ಕಟ್ಟಿ ಹಾಕಿದ ಹಾಗೆ."

"ಕಾಲು ಮುರಿದ್ರೂ ಎಂಟು ವರ್ಷ ಸಂಬಳ ಬರತ್ತಾ?"

"ಬರತ್ತೆ."

"ಹಾಗಾದ್ರೆ ಕಟ್ಟಿ ಹಾಕ್ಲಿ ಬಿಡಿ. ನಾವೇನು ಓಡಿ ಹೋಗ್ತೀವಾ?"

ಇವರು ನನ್ನ ಮುಖ ನೋಡಿದರು, ನಕ್ಕರು, ಸಹಿ ಹಾಕಿದರು. ಮಗಳು ಪುಟ್ಟಿಗೆ ಆಗ ನಾಲ್ಕು ವರ್ಷ. ನಾಲ್ಕಕ್ಕೆ ಎಂಟು ಕೂಡಿಸಿ ಹನ್ನೆರಡು ಎಂದು ಬೆರಳು ಮಡಿಚಿ ಲೆಕ್ಕ ಹಾಕಿದ್ದೆ. ಹೊಸ ಮನೆಗೆ ಬಂದ ವಾರವೇ ರದ್ದಿಯವನನ್ನು ಕರೆದು ರಟ್ಟಿನ ಪೆಟ್ಟಿಗೆಗಳನ್ನೆಲ್ಲ ಕೊಟ್ಟುಬಿಟ್ಟೆ. "ಒಂದೆರಡಾದ್ರೂ ಇಟ್ಕೊಳ್ಳೇ," ಎಂದಳು ಅಮ್ಮ ಫೋನಿನಲ್ಲಿ. ನಾನು ಗೊಳ್ಳೆಂದು ನಕ್ಕೆ.

ಎರಡು ವರ್ಷ ಸುಖವಾಗಿದ್ದೆವು, ಸುಳ್ಳು ಯಾಕೆ ಹೇಳಲಿ. ಯಾರನ್ನೂ ಕೇಳದೆ ಗೋಡೆಗೆ ಮೊಳೆ ಹೊಡೆದೆ. ಪುಟ್ಟಿಯ ಎತ್ತರವನ್ನು ಅಡುಗೆಮನೆಯ ಬಾಗಿಲಿನ ಚೌಕಟ್ಟಿನ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿದೆ. ಮೂರನೇ ವರ್ಷ ಕೋಚ್ ಬದಲಾದರು. ಹೊಸ ಕೋಚಿಗೆ ಕದಲದೆ ನಿಲ್ಲುವವರು ಬೇಡ, ಚಿಗರೆಯ ಹಾಗೆ ಓಡುವವರು ಬೇಕು. ಮೊದಲು ಇವರನ್ನು ಬೆಂಚಿನ ಮೇಲೆ ಕೂರಿಸಿದರು, ಆಮೇಲೆ ಬೆಂಚಿನಿಂದಲೂ ಎಬ್ಬಿಸಿದರು. ಬಟ್ಟೆ ಬದಲಿಸಲು ಬೇರೆ ಕೋಣೆ ಕೊಟ್ಟರು. ಹಳೆಯ ಬಲೆಗಳನ್ನು ಸುತ್ತಿಟ್ಟ ಕೋಣೆ ಅದು.

ಕ್ಲಬ್ಬು ಇವರನ್ನು ತೆಗೆದುಹಾಕುವ ಹಾಗಿರಲಿಲ್ಲ, ಸಹಿ ಇತ್ತು. ಆದರೆ ಆ ಕಾಗದದ ಹನ್ನೊಂದನೇ ಪುಟದಲ್ಲಿ ಒಂದು ಸಾಲಿತ್ತು: ಅನುಮತಿ ಇಲ್ಲದೆ ಮೂರು ಸಲ ಅಭ್ಯಾಸಕ್ಕೆ ಗೈರುಹಾಜರಾದರೆ ಒಪ್ಪಂದ ರದ್ದು, ಹತ್ತು ನಿಮಿಷ ತಡವಾದರೂ ಗೈರುಹಾಜರಿಯೇ. ಸಹಿ ಹಾಕುವ ದಿನ ಅದನ್ನು ಓದಿ, "ಇವರೇನು ಶಾಲೆ ತಪ್ಪಿಸೋ ಹುಡುಗನಾ?" ಎಂದು ತಮಾಷೆ ಮಾಡಿದ್ದೆ.

ಅಭ್ಯಾಸದ ಹೊತ್ತನ್ನು ಹಿಂದಿನ ಸಂಜೆ ಕ್ಲಬ್ಬಿನ ಫಲಕಕ್ಕೆ ಅಂಟಿಸುತ್ತಿದ್ದರು, ಇವರೊಬ್ಬರಿಗೇ ಬೇರೆ ಚೀಟಿ. ಒಂದು ದಿನ ಬೆಳಗ್ಗೆ ಏಳು, ಮಾರನೇ ದಿನ ಮಧ್ಯಾಹ್ನ ಮೂರು. ಒಂದು ಸಂಜೆ ಇವರು ನೋಡಿ ಬಂದ ಮೇಲೆ ಚೀಟಿ ಬದಲಾಯಿತು, ಮೊದಲನೇ ಗೈರು ಬಿತ್ತು. ಇನ್ನೊಂದು ದಿನ ಅಭ್ಯಾಸ ಹಿಂದಿನ ಮೈದಾನದಲ್ಲಂತೆ, ಇವರು ಮುಂದಿನದರಲ್ಲಿ ಕಾಯುತ್ತ ನಿಂತಿದ್ದರು. ಎರಡನೆಯದು ಬಿತ್ತು.

ಅಲ್ಲಿಂದ ನಮ್ಮ ಮನೆಗೆ ಭಯ ಬಂದು ಕೂತಿತು. ಇವರು ಸಂಜೆ ಎರಡು ಸಲ ಹೋಗಿ ಚೀಟಿ ನೋಡುವರು, ಬೆಳಕು ಹರಿಯುವ ಮೊದಲು ಮತ್ತೊಮ್ಮೆ ನೋಡುವರು. ಮೂರು ಅಲಾರಂ. ಬಸ್ಸು ಕೆಟ್ಟರೆ ಎಂದು ಸೈಕಲ್, ಸೈಕಲ್ ಪಂಕ್ಚರಾದರೆ ಎಂದು ಒಂದು ಗಂಟೆ ಮೊದಲು. ಅಷ್ಟೆಲ್ಲ ಮಾಡಿ ಅಲ್ಲಿ ಮಾಡುವುದೇನು? ಮೈದಾನದ ಸುತ್ತ ಒಬ್ಬರೇ ಓಡುವುದು. ಸಹಾಯಕ ಕೋಚ್ ಒಬ್ಬ ಸೀಟಿ ಊದುತ್ತ ಗಡಿಯಾರ ನೋಡುವುದು. ಸೀಟಿಯವನದೂ ವರ್ಷದ ನೌಕರಿ, ಅವನಿಗೂ ಹೆದರಿಕೆ. ಇವರ ಬಟ್ಟೆ ಒಗೆಯುವಾಗ ನನಗೆ ಅಳು ಬರುತ್ತಿತ್ತು. ಬರೀ ಬೆವರು, ಒಂದು ಹುಲ್ಲಿನ ಕಲೆಯೂ ಇಲ್ಲ.

"ಬಿಟ್ಟುಬಿಡ್ಲೇನೇ?" ಎಂದು ಒಮ್ಮೆ ಕೇಳಿದರು. ಅಷ್ಟರಲ್ಲಿ ಒಂದು ಚಿಕ್ಕ ಕ್ಲಬ್ಬು ಇವರನ್ನು ಕೇಳಿತ್ತು. ಒಂದೇ ವರ್ಷಕ್ಕೆ, ಅರ್ಧ ಸಂಬಳಕ್ಕೆ.

"ಹುಚ್ಚಾ ನಿಮಗೆ? ಇನ್ನೂ ನಾಲ್ಕು ವರ್ಷ ಇದೆ. ಹಲ್ಲು ಕಚ್ಕೊಂಡು ಇದ್ಬಿಡಿ," ಎಂದೆ. ಅವರು ಮತ್ತೆ ಕೇಳಲಿಲ್ಲ.

ಪುಟ್ಟಿಗೆ ಎಂಟು ತುಂಬಿದ ವರ್ಷ, ಒಂದು ಬೆಳಗ್ಗೆ ಅವಳು ಶಾಲೆಯ ಮೆಟ್ಟಿಲಿನಿಂದ ಬಿದ್ದು ಕೈ ಮುರಿದುಕೊಂಡಳು. ನಾನು ಆಸ್ಪತ್ರೆಗೆ ಓಡಿದೆ, ದಾರಿಯಲ್ಲೇ ಕ್ಲಬ್ಬಿಗೆ ಫೋನ್ ಮಾಡಿ ಹೇಳಿದೆ. ಪ್ಲಾಸ್ಟರ್ ಹಾಕಿ ಮುಗಿಸುವ ಹೊತ್ತಿಗೆ ಬೂಟಿನ ಮೊಳೆಗಳು ನೆಲಕ್ಕೆ ಬಡಿಯುವ ಸದ್ದು ಕೇಳಿಸಿತು. ಇವರು ಮೈದಾನದಿಂದ ಹಾಗೆಯೇ ಓಡಿ ಬಂದಿದ್ದರು. ಬಾಗಿಲಲ್ಲಿ ಅವರನ್ನು ಕಂಡವಳೇ ನಾನು ಗೋಡೆಯ ಗಡಿಯಾರ ನೋಡಿದೆ. ಹನ್ನೆರಡೂಕಾಲು.

"ರೀ, ಪರ್ಮಿಶನ್ ತಗೊಂಡ್ರಾ?"

ಮಗುವನ್ನು ನೋಡಿ ಎನ್ನಲಿಲ್ಲ, ಹೆದರಬೇಡಿ ಎನ್ನಲಿಲ್ಲ. ನನ್ನ ಬಾಯಿಂದ ಮೊದಲು ಬಂದ ಮಾತು ಅದು.

"ಈಗ ಬ್ರೇಕು," ಎಂದರು ಏದುಸಿರು ಬಿಡುತ್ತ. "ಹನ್ನೆರಡೂವರೆಗೆ ಮತ್ತೆ ಶುರು. ಈಗಲೇ ಹೊರಟ್ರೆ ಮುಟ್ತೀನಿ." ಬಾಗಿಲು ದಾಟಿ ಒಳಗೂ ಬಂದಿರಲಿಲ್ಲ.

ಆಗ ಪುಟ್ಟಿ ಮಂಚದ ಮೇಲಿನಿಂದ ಹೇಳಿದಳು: "ಅಪ್ಪಾ, ನೀನು ಹೋಗು. ನಂಗೇನೂ ನೋವಿಲ್ಲ. ಮೂರನೇದು ಬಿದ್ಬಿಡತ್ತೆ."

ನಾವು ಅವಳಿಗೆ ಯಾವತ್ತೂ ಏನೂ ಹೇಳಿದವರಲ್ಲ. ಮಗ್ಗಿ ನೆಟ್ಟಗೆ ಕಲಿಯಲಿ ಎಂದು ಒಂದೇ ಶಾಲೆಯಲ್ಲಿ ಇಟ್ಟ ಮಗು ನಮ್ಮ ಹೆದರಿಕೆಯನ್ನು ಬಾಯಿಪಾಠ ಮಾಡಿಕೊಂಡಿತ್ತು.

"ಬಂದು ಕೂತ್ಕೊಳ್ಳಿ," ಎಂದೆ.

"ನಾಲ್ಕು ವರ್ಷ ಬಾಕಿ ಇದೆ ಕಣೇ."

"ಗೊತ್ತು. ಕೂತ್ಕೊಳ್ಳಿ."

ಕೂತರು. ಪುಟ್ಟಿ ಅಪ್ಪನ ಕಿರುಬೆರಳು ಹಿಡಿದುಕೊಂಡು ಕಣ್ಣು ಮುಚ್ಚಿದಳು. ಗಡಿಯಾರ ಹನ್ನೆರಡೂವರೆ ದಾಟಿತು. ಇವರ ಮೊಣಕಾಲು ತಾನಾಗಿ ಕುಣಿಯತೊಡಗಿತು, ನಾನು ಅದರ ಮೇಲೆ ಕೈ ಇಟ್ಟೆ. ಹನ್ನೆರಡು ನಲವತ್ತು ಆಯಿತು.

ಎರಡು ದಿನಕ್ಕೆ ಕ್ಲಬ್ಬಿನ ಪತ್ರ ಬಂತು, ಒಪ್ಪಂದ ರದ್ದು. ಏಜೆಂಟ್ ಹಾರಾಡಿದ: "ಮಗು ಆಸ್ಪತ್ರೆಲಿತ್ತು ಅಂತ ಕೇಸ್ ಹಾಕೋಣ. ಗೆದ್ದೇ ಗೆಲ್ತೀವಿ!"

"ಗೆದ್ರೆ ವಾಪಸ್ ಅಲ್ಲಿಗೇ ಹೋಗ್ಬೇಕಲ್ಲಪ್ಪಾ," ಎಂದರು ಇವರು.

ಆ ಚಿಕ್ಕ ಕ್ಲಬ್ಬಿನ ಊರಿಗೆ ಹೊರಟೆವು. ದಿನಸಿ ಅಂಗಡಿಗೆ ಹೋಗಿ ರಟ್ಟಿನ ಪೆಟ್ಟಿಗೆ ಕೇಳಿ ತಂದೆ, ಹನ್ನೊಂದು. ಬಾಗಿಲ ಚೌಕಟ್ಟಿನ ಮೇಲೆ ನಾಲ್ಕು ವರ್ಷದ ಗುರುತುಗಳಿದ್ದವು, ಅವನ್ನು ಬಿಟ್ಟು ಬಂದೆ.

ಇಲ್ಲಿ ಇವರು ಆಡುತ್ತಾರೆ. ಮಂಡಿ ತರಚಿಕೊಂಡು, ಕೆಸರು ಮೆತ್ತಿಕೊಂಡು ಬರುತ್ತಾರೆ. ಹುಲ್ಲಿನ ಕಲೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ, ನಾನು ಬೈಯುತ್ತ ಉಜ್ಜುತ್ತೇನೆ. ರಜೆಯ ದಿನ ಬಿಸಿಲು ಮುಖಕ್ಕೆ ಬಿದ್ದರೂ ಗೊರಕೆ ನಿಲ್ಲುವುದಿಲ್ಲ. ಪುಟ್ಟಿಯ ಹೊಸ ಶಾಲೆಯಲ್ಲಿ ಪಾಠ ಮುಂದೆ ಹೋಗಿದೆ. ಸಂಜೆ ಅಪ್ಪ ಮಗಳು ಕೂತು ತಪ್ಪಿದ ಪಾಠ ಓದಿ ಮುಗಿಸುತ್ತಾರೆ.

ಹೋದ ವಾರ ವರ್ಷದ ಕೊನೆಯ ಆಟ ಮುಗಿಯಿತು. ಗೆದ್ದೆವು. ಗೇಟಿನ ಬಳಿ ಕ್ಲಬ್ಬಿನ ಕಾರ್ಯದರ್ಶಿ ಇವರ ಬೆನ್ನು ತಟ್ಟಿ, "ಚೆನ್ನಾಗಿ ಆಡಿದ್ರಿ. ಮುಂದಿನ ವರ್ಷದ್ದು ನೋಡೋಣ," ಎಂದರು. ಇವರು ನಕ್ಕು ಕೈ ಕುಲುಕಿದರು, ಮನೆಗೆ ಬಂದು ಉಂಡು ಮಲಗಿದರು. ನಾನು ಮಂಚದ ಕೆಳಗೆ ಬಗ್ಗಿ ಪೆಟ್ಟಿಗೆಗಳನ್ನು ಎಣಿಸಿದೆ. ಹನ್ನೊಂದೂ ಇದ್ದವು.